ಕಾಫಿ ಕಣದ ಮೇಲೆ ಗೇರ್‌ಬಾಕ್ಸ್

ಗುಂಡ್ಯದಿಂದ ಶಿರಾಡಿ ಘಾಟಿ ಹತ್ತಿ, ಕೆಂಪುಹೊಳೆ ದಾಟಿ ಬರುವ ಗಾಡಿಗಳಿಗೆ ಹೆಗ್ಗದ್ದೆ ಮುಟ್ಟಿದರೆ ಜೀವ ಬಂದಂತೆ. ಮಳೆಗಾಲದ ಸಂಜೆ ಇಲ್ಲಿ ರಸ್ತೆ ಬದಿಯ ಟೀ ಅಂಗಡಿ ಮುಂದೆ ನಿಂತರೆ ಬಜ್ಜಿಯ ಎಣ್ಣೆ, ಹಸಿ ಮಣ್ಣು, ಡೀಸೆಲ್ ಹೊಗೆ ಎಲ್ಲದರ ನಡುವೆ ಇನ್ನೊಂದು ಒಗರು ವಾಸನೆ ಮೂಗಿಗೆ ಅಡರುತ್ತದೆ. ಕಾರಿನವರು ಗಾಬರಿಯಿಂದ ಇಳಿದು ಬಾನೆಟ್ ಎತ್ತಿ, ಎಲ್ಲಿ ವೈರ್ ಸುಟ್ಟಿದೆ ಎಂದು ಹುಡುಕುತ್ತಾರೆ. ಅಂಗಡಿಯವನು ಲೋಟ ತೊಳೆಯುತ್ತಲೇ ಹೇಳುತ್ತಾನೆ: ‘ವೈರಲ್ಲ ಸಾರ್, ಕ್ಲಚ್ ಪ್ಲೇಟು. ಒಂದರ್ಧ ಗಂಟೆ ಕೂತ್ಕಳಿ, ತಣೀಲಿ.’

ಈ ರಸ್ತೆಗೆ ಮೊದಲಿದ್ದ ಕೆಟ್ಟ ಹೆಸರು ಈಗಿಲ್ಲ. 2015ರಲ್ಲಿ ಹೆಗ್ಗದ್ದೆಯಿಂದ ಕೆಂಪುಹೊಳೆಯವರೆಗೆ, 2018ರಲ್ಲಿ ಅಲ್ಲಿಂದ ಅಡ್ಡಹೊಳೆಯವರೆಗೆ ಘಾಟಿಯನ್ನು ತಿಂಗಳುಗಟ್ಟಲೆ ಮುಚ್ಚಿ ಕಾಂಕ್ರೀಟ್ ಹಾಕಿದರು. ಎರಡೂ ಹಂತ ಸೇರಿ ಸುಮಾರು 26 ಕಿಲೋಮೀಟರ್. ಅದಕ್ಕೆ ಮುಂಚೆ ಮೊಣಕಾಲುದ್ದದ ಗುಂಡಿಗಳಲ್ಲಿ ಆಕ್ಸಲ್ ಮುರಿದ ಲಾರಿಗಳು ಅಡ್ಡ ನಿಂತರೆ ಇಡೀ ರಾತ್ರಿ ಅಲ್ಲೇ. ಗುಂಡಿಗಳು ಹೋದವು, ಏರು ಹೋಗಲಿಲ್ಲ. ಮಂಗಳೂರು ಬಂದರಿನಿಂದ ಬೆಂಗಳೂರಿಗೆ ಹೋಗುವ ಗ್ಯಾಸ್ ಟ್ಯಾಂಕರುಗಳೂ ಕಂಟೇನರುಗಳೂ ಹೋಗಲಿಲ್ಲ. ಅವು ಮೊದಲ ಗೇರಿನಲ್ಲಿ ತೆವಳುವಾಗ ಹಿಂದೆ ಸಿಕ್ಕಿಬಿದ್ದ ಸಣ್ಣ ಕಾರು ಏನು ಮಾಡಬೇಕು? ಒಂದು ಗಜ ಮುಂದೆ, ನಿಲ್ಲು. ಇನ್ನೊಂದು ಗಜ, ನಿಲ್ಲು. ಆ ಪ್ರತಿ ಗಜವೂ ಕ್ಲಚ್ ಪ್ಲೇಟಿನ ಲೆಕ್ಕದಲ್ಲಿ ಖರ್ಚು ಬೀಳುತ್ತದೆ.

ಎಷ್ಟು ಖರ್ಚು ಎಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಬಹುದು. ಜನ, ಸಾಮಾನು ಸೇರಿ ಒಂದು ಟನ್ ತೂಗುವ ಕಾರು, ಹತ್ತಕ್ಕೆ ಒಂದರ ಏರು. ಬ್ರೇಕ್ ಹಿಡಿಯದೆ ಹಾಫ್ ಕ್ಲಚ್‌ನಲ್ಲೇ ಗಾಡಿಯನ್ನು ಹಿಂದೆ ಜಾರದಂತೆ ನಿಲ್ಲಿಸಿಕೊಂಡಿದ್ದೀರಿ. ಎಂಜಿನ್ ನಿಮಿಷಕ್ಕೆ ಸಾವಿರ ಸುತ್ತು ತಿರುಗುತ್ತಿದೆ, ಗೇರ್‌ಬಾಕ್ಸಿನ ಶಾಫ್ಟ್ ನಿಂತಿದೆ. ಆಗ ಪ್ಲೇಟಿನ ಮೇಲೆ ಹುಟ್ಟುವ ಶಾಖ ಹೆಚ್ಚುಕಮ್ಮಿ 2 ಕಿಲೋವ್ಯಾಟ್, ಎಂದರೆ ಬಚ್ಚಲುಮನೆಯ ಗೀಸರಿನಷ್ಟು. ಗೀಸರಿನಲ್ಲಿ ಕಾಯಿಸಿಕೊಳ್ಳಲು ನೀರಾದರೂ ಇರುತ್ತದೆ. ಇಲ್ಲಿ ಕಾಯುವುದು ಊಟದ ತಟ್ಟೆಗಿಂತ ಚಿಕ್ಕದಾದ ಒಂದು ಬಿಲ್ಲೆ, ಅದನ್ನು ಅದುಮಿ ಹಿಡಿದ ಎರಡು ಕಬ್ಬಿಣದ ಮುಖಗಳು, ಅಷ್ಟೇ. ಗಾಳಿ ಸರಿಯಾಗಿ ಆಡದ ಡಬ್ಬಿಯೊಳಗೆ.

ಘಾಟಿಯಲ್ಲಿ ಇನ್ನೊಂದು ಕಡೆ, ಸಕಲೇಶಪುರ–ಸುಬ್ರಹ್ಮಣ್ಯ ರೈಲು ಮಾರ್ಗದಲ್ಲಿ ಏರು ಬರೀ 50ಕ್ಕೆ 1. ಅದಕ್ಕೇ ರೈಲಿನ ಹಿಂದೆ ದೂಡುವ ಎಂಜಿನ್ ಸೇರಿಸುತ್ತಾರೆ. ಡೀಸೆಲ್ ರೈಲೆಂಜಿನ್ನಿಗೆ ಕ್ಲಚ್ಚೇ ಇಲ್ಲ ಎಂಬುದು ಅನೇಕರಿಗೆ ಗೊತ್ತಿಲ್ಲ. ಅದರ ಡೀಸೆಲ್ ಯಂತ್ರ ಕರೆಂಟು ಹುಟ್ಟಿಸುತ್ತದೆ, ಗಾಲಿ ತಿರುಗಿಸುವುದು ಮೋಟಾರು. ಉಜ್ಜುವ, ಸವೆಯುವ ಪ್ಲೇಟಿನ ಗೊಡವೆಯೇ ಇಲ್ಲ. ನಮ್ಮ ಆಲ್ಟೊಗಳಿಗೆ ಆ ಭಾಗ್ಯ ಎಲ್ಲಿಂದ ಬರಬೇಕು.

ಹಾಗಂತ ತಪ್ಪನ್ನೆಲ್ಲ ಶಿರಾಡಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಹೆಗ್ಗದ್ದೆ, ಹಾನುಬಾಳು, ದೇವಾಲದಕೆರೆ ಕಡೆಯ ಕಾರುಗಳ ಪ್ಲೇಟು ಸವೆಯುವುದು ಹೆದ್ದಾರಿಗಿಂತ ಹೆಚ್ಚಾಗಿ ಮನೆ ಮುಂದಿನ ಏರಿನಲ್ಲಿ. ತೋಟದ ಗೇಟಿನಿಂದ ಮನೆಯಂಗಳಕ್ಕೆ ಹತ್ತುವ ಕಲ್ಲು ಹಾಸಿನ ದಾರಿ, ಅಲ್ಲಲ್ಲಿ ಪಾಚಿ, ಕೊನೆಯಲ್ಲೊಂದು ಹೇರ್‌ಪಿನ್. ಶೆಡ್ಡಿಗೆ ನುಗ್ಗಿಸಬೇಕಾದರೆ ಅದೇ ಏರಿನಲ್ಲಿ ರಿವರ್ಸ್. ರಿವರ್ಸಿನಲ್ಲಿ ಯಾರೂ ಪೂರ್ತಿ ಕ್ಲಚ್ ಬಿಡುವುದಿಲ್ಲ. ಹಿಂದೆ ಹೂಕುಂಡ, ಪಕ್ಕದಲ್ಲಿ ಚರಂಡಿ, ಹಾಗಾಗಿ ಎಡಗಾಲು ಅರ್ಧದಲ್ಲೇ ನಿಂತಿರುತ್ತದೆ. ಸಾಲದ್ದಕ್ಕೆ ಡಿಕ್ಕಿಯಲ್ಲಿ 50 ಕೆ.ಜಿ.ಯ ಎರಡು ಮೂಟೆ ಕಾಫಿ ಚೆರ್ರಿ, ಹಿಂದಿನ ಸೀಟಿನಲ್ಲಿ ಗೊಬ್ಬರ. ಬಯಲುಸೀಮೆಯ ಹೆದ್ದಾರಿಯಲ್ಲಿ ಲಕ್ಷ ಕಿಲೋಮೀಟರ್ ಬಾಳಿದ ಪ್ಲೇಟು ಇಲ್ಲಿ ಅದರ ಅರ್ಧಕ್ಕೇ ಕೈ ಎತ್ತಿದರೆ ಕಂಪನಿಯನ್ನು ಬೈದು ಪ್ರಯೋಜನವಿಲ್ಲ. ಸವೆದ ಕ್ಲಚ್ಚಿಗೆ ವಾರಂಟಿಯೂ ಸಾಮಾನ್ಯವಾಗಿ ಸಿಗುವುದಿಲ್ಲ. ಟೈರು, ಬ್ರೇಕ್ ಪ್ಯಾಡಿನ ಹಾಗೆ ಇದೂ ಬಳಸಿದಷ್ಟು ತೀರುವ ವಸ್ತು ಎಂಬುದು ಅವರ ವಾದ.

ಪ್ಲೇಟು ಹೋಗಿದೆಯೋ, ಕೇಬಲ್ಲೋ?

ಮೊದಲು ಕೇಳಬೇಕಾದ ಪ್ರಶ್ನೆ ಪ್ಲೇಟು ಬದಲಿಸುವುದು ಮನೆಯಲ್ಲೋ ಗ್ಯಾರೇಜಿನಲ್ಲೋ ಎಂಬುದಲ್ಲ. ನಿಜಕ್ಕೂ ಪ್ಲೇಟು ಹೋಗಿದೆಯೇ? ‘ಎಂಜಿನ್ ಕೂಗ್ತದೆ, ಗಾಡಿ ಎಳೆಯಲ್ಲ’ ಎಂಬ ದೂರು ಬಂದ ಕೂಡಲೇ ಗೇರ್‌ಬಾಕ್ಸ್ ಇಳಿಸುವ ಮಾತಾಡುವವರನ್ನು ನಾನು ನಂಬುವುದಿಲ್ಲ.

ಕೇಬಲ್ ಇರುವ ಗಾಡಿಗಳಲ್ಲಿ ಪೆಡಲ್ಲಿಗೆ ಸ್ವಲ್ಪ ‘ಪ್ಲೇ’ ಇರಲೇಬೇಕು. ಬೆರಳಿನಲ್ಲಿ ಒತ್ತಿದರೆ ಮೊದಲ ಒಂದೆರಡು ಸೆಂಟಿಮೀಟರ್ ಭಾರವಿಲ್ಲದೆ ಇಳಿಯಬೇಕು. ಪ್ಲೇಟು ಸವೆಯುತ್ತ ಹೋದಂತೆ ಈ ಪ್ಲೇ ತಾನಾಗಿ ಕಡಿಮೆಯಾಗುತ್ತದೆ. ಯಾರೂ ಅಡ್ಜಸ್ಟ್ ಮಾಡದಿದ್ದರೆ ಒಂದು ದಿನ ಪ್ಲೇ ಸೊನ್ನೆಯಾಗಿ, ಕಾಲು ಇಡದಿದ್ದರೂ ಯಾರೋ ಅರ್ಧ ಕ್ಲಚ್ ಒತ್ತಿಕೊಂಡು ಕೂತಂತಾಗುತ್ತದೆ. ಪ್ಲೇಟಿನಲ್ಲಿ ಇನ್ನೂ ದಪ್ಪ ಇದ್ದರೂ ಸ್ಲಿಪ್ ಆಗುತ್ತದೆ. ಹತ್ತು ನಿಮಿಷದ ನಟ್ಟು ತಿರುಗಿಸುವ ಕೆಲಸ ಇದು. ಇದನ್ನು ಮನೆಯಲ್ಲಿ ಮಾಡದವನು ಕಾರು ಇಟ್ಟುಕೊಳ್ಳಬಾರದು ಎಂದು ನಮ್ಮ ಕಡೆಯ ಹಳೆಯ ಜೀಪು ಡ್ರೈವರುಗಳು ಹೇಳುತ್ತಾರೆ. ಅಷ್ಟು ಬಿರುಸು ನನಗಿಲ್ಲ, ಆದರೆ ಮಾತಿನಲ್ಲಿ ಹುರುಳಿದೆ. ಮಲೆನಾಡಿನ ತೇವಕ್ಕೆ ಕೇಬಲ್ಲಿನ ಒಳತಂತಿ ತುಕ್ಕು ಹಿಡಿದು ಅರ್ಧದಲ್ಲೇ ಕಚ್ಚಿಕೊಳ್ಳುವುದೂ ಉಂಟು. ಪೆಡಲ್ ಕೆಳಗೆ ದಪ್ಪ ಮ್ಯಾಟ್ ಮಡಚಿಕೊಂಡು ಕ್ಲಚ್ ಪೂರ್ತಿ ಇಳಿಯದೆ, ಗೇರು ಬೀಳದೆ ಒದ್ದಾಡಿದವರೂ ಇದ್ದಾರೆ. ಹೈಡ್ರಾಲಿಕ್ ಕ್ಲಚ್ಚಿನ ಗಾಡಿಯಾದರೆ ಫ್ಲೂಯಿಡ್ ಡಬ್ಬಿಯತ್ತ ಒಮ್ಮೆ ಕಣ್ಣು ಹಾಯಿಸಿದರೆ ಅರ್ಧ ಉತ್ತರ ಅಲ್ಲೇ ಇರುತ್ತದೆ.

ಇವೆಲ್ಲ ಸರಿ ಇದ್ದೂ, ಸಮತಟ್ಟಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ನಾಲ್ಕನೇ ಗೇರು ಹಾಕಿ ನಿಧಾನ ಕ್ಲಚ್ ಬಿಟ್ಟಾಗ ಎಂಜಿನ್ ಆಫ್ ಆಗದೆ ತಿರುಗುತ್ತಲೇ ಇದ್ದರೆ ಪ್ಲೇಟು ಹೋಗಿದೆ. ಈ ಪರೀಕ್ಷೆ ಒಂದೇ ಸಲ ಸಾಕು. ಬಂದವರಿಗೆಲ್ಲ ಮಾಡಿ ತೋರಿಸಿದರೆ ಉಳಿದ ಚೂರೂ ಸುಟ್ಟುಹೋಗುತ್ತದೆ.

ಒಳಗೆ ಇರುವುದಾದರೂ ಏನು? ಎಂಜಿನ್ ಕಡೆಯ ಫ್ಲೈವೀಲ್, ಗೇರ್‌ಬಾಕ್ಸ್ ಕಡೆಯ ಪ್ರೆಶರ್ ಪ್ಲೇಟು, ನಡುವೆ ಕ್ಲಚ್ ಪ್ಲೇಟು. ಪ್ಲೇಟಿನ ಎರಡೂ ಮುಖಕ್ಕೆ ಮೂರು ಮಿಲಿಮೀಟರ್ ಆಸುಪಾಸಿನ ಲೈನಿಂಗನ್ನು ರಿವೆಟ್ಟು ಹೊಡೆದು ಕೂರಿಸಿರುತ್ತಾರೆ. ಹೊಸದರಲ್ಲಿ ರಿವೆಟ್ಟಿನ ತಲೆ ಲೈನಿಂಗಿನೊಳಗೆ ತಗ್ಗಿನಲ್ಲಿ ಅಡಗಿರುತ್ತದೆ. ಸವೆದು ಸವೆದು ಅದು ಮೇಲಕ್ಕೆ ಬಂದರೆ ಹಿತ್ತಾಳೆ ಹೊಳೆಯತೊಡಗುತ್ತದೆ, ಆಮೇಲೆ ಫ್ಲೈವೀಲಿನ ಮೇಲೆ ಗೀರು ಎಳೆಯುತ್ತದೆ. ‘ಇನ್ನೊಂದು ತಿಂಗಳು ಓಡ್ಲಿ, ಕಾಫಿ ದುಡ್ಡು ಬಂದ್ಮೇಲೆ ನೋಡಾಣ’ ಎಂದವರು ಪ್ಲೇಟಿನ ಜೊತೆ ಫ್ಲೈವೀಲಿಗೂ ಲೇತ್ ಕೆಲಸದ ದುಡ್ಡು ಎಣಿಸುವುದು ಹೀಗೆ.

ಏಪ್ರಿಲ್ ಬಿಟ್ಟರೆ ಮೇ

ಈಗ ಮನೆಯ ವಿಷಯ. ಕ್ಲಚ್ ಬದಲಿಸಲು ಮೊದಲು ಬೇಕಾದ್ದು ಸ್ಪ್ಯಾನರಲ್ಲ, ಸಮತಟ್ಟಾದ ಗಟ್ಟಿ ನೆಲ. ಹೆಗ್ಗದ್ದೆ ಸೀಮೆಯಲ್ಲಿ ಅಂಥ ನೆಲ ಒಂದೇ, ಕಾಫಿ ಒಣಗಿಸುವ ಸಿಮೆಂಟ್ ಕಣ. ಆ ಕಣ ಖಾಲಿ ಇರುವುದು ಯಾವಾಗ? ನವೆಂಬರಿನಿಂದ ಅರೇಬಿಕಾ, ಜನವರಿ–ಫೆಬ್ರವರಿಯಲ್ಲಿ ರೋಬಸ್ಟಾ, ಅದರ ಬೆನ್ನಿಗೇ ಮೆಣಸು. ಜೂನ್ ಬಂತೆಂದರೆ ಮಳೆ. ಸೆಪ್ಟೆಂಬರ್ ತನಕ ಕಣದ ತುಂಬ ಪಾಚಿ, ಕಾರಿನಡಿ ಮಲಗಿದವನ ಕುತ್ತಿಗೆಗೆ ಇಂಬಳ. ಒಟ್ಟಿನಲ್ಲಿ ಮನೆಯ ಕ್ಲಚ್ ಕೆಲಸಕ್ಕೆ ಏಪ್ರಿಲ್, ಬಿಟ್ಟರೆ ಮೇ. ಪ್ಲೇಟು ಮಾತ್ರ ಹೋಗುವುದು ಜುಲೈಯಲ್ಲೇ.

ಕಣ ಸಿಕ್ಕರೂ ಅದರ ಒಡೆತನ ಯಾರದು ಎಂಬುದನ್ನು ಮರೆಯುವಂತಿಲ್ಲ. ಗೇರ್ ಆಯಿಲ್ ಇಳಿಸುವಾಗ ಡಬ್ಬಿ ಒಂದಿಷ್ಟು ಓರೆಯಾಯಿತು ಅನ್ನಿ, ಜಗಲಿಯಿಂದ ಅಜ್ಜಿಯ ದನಿ ಬರುತ್ತದೆ: ‘ಮಗಾ, ಕಣಕ್ಕೆ ಎಣ್ಣೆ ಚೆಲ್ಲೀಯ! ಮುಂದಿನ್ವರ್ಷ ಕಾಫಿನೆಲ್ಲ ಗ್ಯಾರೇಜ್ ವಾಸ್ನೆ ಹೊಡಿತದೆ.’ ಅಜ್ಜಿಯ ಮಾತು ಸುಳ್ಳಲ್ಲ. ಕಾಫಿ ಬೀಜ ಅಕ್ಕಪಕ್ಕದ ವಾಸನೆಯನ್ನೆಲ್ಲ ಹೀರಿಕೊಳ್ಳುವ ಜಾತಿ. ಟಾರ್ಪಾಲು ಹಾಸಿ, ಅದರ ಮೇಲೆ ಮರದ ಪುಡಿ ಚೆಲ್ಲಿ ಕೆಲಸ ಶುರು ಮಾಡಬೇಕು.

ಎರಡನೆಯ ಸಂಗತಿ, ಗಾಡಿ ಎತ್ತಿ ನಿಲ್ಲಿಸುವುದು. ಇದರಲ್ಲಿ ಮಾತ್ರ ನಾನು ಬಿರುಸು. ಜಾಕ್ ಎತ್ತುವುದಕ್ಕೆ, ಆಧಾರಕ್ಕಲ್ಲ. ಜಾಕ್ ಒಂದರ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬಾರದು. ಸಿಲ್ವರ್ ಓಕಿನ ದುಂಡು ದಿಮ್ಮಿಗಳನ್ನು ಒಟ್ಟಿ ಅದರ ಮೇಲೆ ಕಾರು ಕೂರಿಸುವುದನ್ನು ತೋಟಗಳಲ್ಲಿ ಕಂಡಿದ್ದೇನೆ, ದುಂಡಗಿನದು ಉರುಳುತ್ತದೆ. ಹಾಲೋ ಬ್ಲಾಕ್ ಇಟ್ಟರೆ ಅದು ಸುಳಿವೇ ಕೊಡದೆ ಪುಡಿಯಾಗುತ್ತದೆ. ಚೌಕ ಕೊಯ್ದ ಗಟ್ಟಿ ಮರದ ತುಂಡು ಅಥವಾ ಅಂಗಡಿಯಲ್ಲಿ ಸಿಗುವ ಕಬ್ಬಿಣದ ಸ್ಟ್ಯಾಂಡ್ ನಾಲ್ಕು, ಅಷ್ಟೂ ಇಲ್ಲದಿದ್ದರೆ ಮಾತು ಇಲ್ಲಿಗೇ ಮುಗಿಯಿತು, ಗ್ಯಾರೇಜಿಗೆ ಫೋನ್ ಮಾಡಿ.

ಮುಂದಿನದು ಯಾವ ಗಾಡಿ ಎಂಬುದರ ಮೇಲೆ ನಿಂತಿದೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ವಿಲ್ಲಿಸ್ ಜೀಪನ್ನು ಬಿಡಿಬಿಡಿಯಾಗಿ ತರಿಸಿ ಇಲ್ಲೇ ಜೋಡಿಸತೊಡಗಿದ ಮಹೀಂದ್ರದ ಜೀಪುಗಳಲ್ಲಿ ಎಲ್ಲವೂ ಒಂದೇ ಸಾಲಿನಲ್ಲಿವೆ: ಮುಂದೆ ಎಂಜಿನ್, ಅದರ ಹಿಂದೆ ಕ್ಲಚ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಮುಂದಕ್ಕೂ ಹಿಂದಕ್ಕೂ ಪ್ರೊಪೆಲ್ಲರ್ ಶಾಫ್ಟು. ಕಾಲಡಿಯ ತಗಡು ಬಿಚ್ಚಿದರೆ ಗೇರ್‌ಬಾಕ್ಸಿನ ತಲೆ ಕಾಣುತ್ತದೆ. ಕೈ ಆಡಿಸಲು ಜಾಗವಿದೆ, ಬೋಲ್ಟುಗಳು ಕಣ್ಣಿಗೆ ಬೀಳುತ್ತವೆ. ತೂಕವೊಂದೇ ತೊಡಕು. ಟ್ರಾನ್ಸ್‌ಫರ್ ಕೇಸ್ ಸಮೇತ ಅದನ್ನು ಇಳಿಸಲು ಚೈನ್ ಪುಲ್ಲಿ ಬೇಕು, ಇಲ್ಲವೇ ಲೈನ್ ಮನೆಯಿಂದ ಮೂರು ಗಟ್ಟಿ ಆಳು ಬರಬೇಕು. ಮರ ಸಾಗಿಸುವ ಊರಿನಲ್ಲಿ ಎರಡಕ್ಕೂ ಬರವಿಲ್ಲ. ಆಳು ಸಾಗಿಸುವ ಹಳೆಯ ಜೀಪುಗಳನ್ನು ಇವತ್ತಿಗೂ ತೋಟದ ಶೆಡ್ಡಿನಲ್ಲೇ ಬಿಚ್ಚಿ ಜೋಡಿಸುವ ಡ್ರೈವರುಗಳು ಇರುವುದು ಇದಕ್ಕೇ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದು ಈ ಲೆಕ್ಕವನ್ನೆಲ್ಲ ಅಡ್ಡ ತಿರುಗಿಸಿತು. ಎಂಜಿನ್ನೇ ಅಡ್ಡ ಕೂತಿದೆ, ಗೇರ್‌ಬಾಕ್ಸ್ ಅದರ ಪಕ್ಕಕ್ಕೆ, ಎಳೆಯುವುದು ಮುಂದಿನ ಗಾಲಿ. ಆಲ್ಟೊ, ವ್ಯಾಗನ್ ಆರ್, ಸ್ವಿಫ್ಟ್ ಎಲ್ಲಕ್ಕೂ ಇದೇ ವಿನ್ಯಾಸ. ಪ್ಲೇಟು ಮುಟ್ಟಬೇಕಾದರೆ ಬ್ಯಾಟರಿ, ಸ್ಟಾರ್ಟರ್, ಗೇರಿನ ಕಡ್ಡಿ, ಕ್ಲಚ್ ಕೇಬಲ್ ಬಿಡಿಸಬೇಕು. ಗೇರ್ ಆಯಿಲ್ ಇಳಿಸಬೇಕು. ಮುಂದಿನ ಎರಡೂ ಚಕ್ರ ಕಳಚಿ, ಬಾಲ್ ಜಾಯಿಂಟ್ ತಪ್ಪಿಸಿ, ಆಕ್ಸಲ್ ಹೊರಗೆಳೆಯಬೇಕು. ಮಲೆನಾಡಿನ ಕೆಸರು ಕುಡಿದ ಬಾಲ್ ಜಾಯಿಂಟ್ ಸುತ್ತಿಗೆ ಏಟಿಗೂ ಮಿಸುಕದೆ ಅರ್ಧ ದಿನ ತಿನ್ನುವುದು ಮಾಮೂಲು. ಆಮೇಲೆ ಎಂಜಿನ್ ಕೆಳಕ್ಕೆ ಜೋಲದಂತೆ ಮೇಲಿನಿಂದ ಸರಪಳಿ ಕಟ್ಟಬೇಕು ಅಥವಾ ಅಡಿಯಿಂದ ಮರ ಕೊಡಬೇಕು, ಮೌಂಟಿಂಗ್ ಬಿಚ್ಚಬೇಕು. ಅಷ್ಟಾದ ಮೇಲೆ ಗೇರ್‌ಬಾಕ್ಸನ್ನು ಅಲುಗಾಡಿಸಿ ಹೊರಗೆ ಜಾರಿಸಬೇಕು. ಅದು ನಿಂತವನು ಎತ್ತಬಲ್ಲಷ್ಟೇ ಭಾರ, ಆದರೆ ಅಂಗಾತ ಮಲಗಿದವನು ಎದೆಯ ಮೇಲೆ ಇಳಿಸಿಕೊಳ್ಳುವಂಥದ್ದಲ್ಲ.

ಅದು ಇಳಿದ ಮೇಲಿನ ಕೆಲಸ ಚಿಕ್ಕದು, ಸೂಕ್ಷ್ಮದ್ದು. ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ ಒಂದೊಂದೇ ಸುತ್ತು ಸಡಿಲಿಸಬೇಕು. ಒಂದೇ ಕಡೆಯಿಂದ ಬಿಚ್ಚುತ್ತ ಹೋದರೆ ಕವರು ಸೊಟ್ಟಗಾಗುತ್ತದೆ. ಹೊಸ ಪ್ಲೇಟನ್ನು ಕೂರಿಸುವಾಗ ಸ್ಪ್ರಿಂಗುಗಳ ಉಬ್ಬು ಸಾಮಾನ್ಯವಾಗಿ ಗೇರ್‌ಬಾಕ್ಸ್ ಕಡೆಗಿರಬೇಕು. ತಿರುಗಾಮುರುಗಾ ಹಾಕಿದರೂ ಎಲ್ಲ ಸರಿಯಾಗಿ ಕೂತಂತೆ ಕಾಣುತ್ತದೆ. ಗೇರ್‌ಬಾಕ್ಸ್ ಏರಿಸಿ, ಆಕ್ಸಲ್ ಹಾಕಿ, ಆಯಿಲ್ ತುಂಬಿ, ಸ್ಟಾರ್ಟ್ ಮಾಡಿದ ಮೇಲೆ ಗೇರೇ ಬೀಳುವುದಿಲ್ಲ. ಮತ್ತೆ ಮೊದಲಿಂದ. ಪ್ಲೇಟಿನ ನಡುತೂತು ಫ್ಲೈವೀಲಿನ ನಡುವಿಗೆ ಸರಿಯಾಗಿ ಸೇರದಿದ್ದರೆ ಗೇರ್‌ಬಾಕ್ಸಿನ ಶಾಫ್ಟ್ ಒಳಗೇ ಹೋಗುವುದಿಲ್ಲ. ಅದಕ್ಕೆ ಡಮ್ಮಿ ಶಾಫ್ಟ್ ಬೇಕು. ಗ್ಯಾರೇಜಿನವರು ಯಾವುದೋ ಹಳೆಯ ಗೇರ್‌ಬಾಕ್ಸಿನ ಶಾಫ್ಟನ್ನೇ ಕತ್ತರಿಸಿ ಇಟ್ಟುಕೊಂಡಿರುತ್ತಾರೆ. ಮನೆಯಲ್ಲಿ ಕಾಫಿ ಗಿಡದ ಗೂಟ ಕೆತ್ತಿ ಡಮ್ಮಿ ಮಾಡಿಕೊಂಡವರೂ ಇದ್ದಾರೆ, ಕಾಫಿ ಮರ ಗಟ್ಟಿ, ಕೆಲಸ ನಡೆಯುತ್ತದೆ. ಶಾಫ್ಟಿನ ಹಲ್ಲುಗಳಿಗೆ ಗ್ರೀಸು ಸವರಬೇಕು, ಸವರಿದ್ದೂ ಕಾಣಬಾರದು. ಹೆಚ್ಚಾದರೆ ತಿರುಗುವಾಗ ಸಿಡಿದು ಹೊಸ ಲೈನಿಂಗಿಗೇ ಮೆತ್ತಿಕೊಳ್ಳುತ್ತದೆ.

ಧೂಳಿನ ಬಗ್ಗೆ ಒಂದು ಮಾತು. ಕ್ಲಚ್ಚಿನ ಡಬ್ಬಿ, ಎಂದರೆ ಬೆಲ್ ಹೌಸಿಂಗ್, ಬಿಚ್ಚಿದೊಡನೆ ಒಳಗಿನ ಕಪ್ಪು ಪುಡಿಯನ್ನು ಬಾಯಲ್ಲಿ ಊದುವುದು, ಏರ್ ಹೊಡೆಯುವುದು ನಮ್ಮಲ್ಲಿ ರೂಢಿ. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಬ್ರಿಟನ್ 1999ರಲ್ಲಿ ಅದನ್ನು ಪೂರ್ತಿ ನಿಷೇಧಿಸಿತು. ಶೆಡ್ಡಿನಲ್ಲಿ ಮೂವತ್ತು ವರ್ಷದಿಂದ ನಿಂತ ಜೀಪಿನ ಪ್ಲೇಟಿನಲ್ಲಿ ಏನಿದೆ ಎಂದು ಕಣ್ಣಲ್ಲಿ ನೋಡಿ ಹೇಳಲಾಗದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆ ಎಸೆಯಿರಿ.

ಕಲ್ನಾರಿಗೂ ಮುಂಚೆ ಈ ಜಾಗದಲ್ಲಿ ಚರ್ಮವಿತ್ತು. 1888ರ ಆಗಸ್ಟಿನಲ್ಲಿ ಬರ್ತಾ ಬೆಂಜ್ ಎಂಬಾಕೆ ಗಂಡನಿಗೆ ಹೇಳದೆ ಮಕ್ಕಳಿಬ್ಬರನ್ನು ಕೂರಿಸಿಕೊಂಡು ಜರ್ಮನಿಯ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟಳಲ್ಲ, ಮೋಟಾರು ಗಾಡಿಯ ಮೊದಲ ದೂರಪ್ರಯಾಣ ಎಂದು ಅದನ್ನೇ ಹೇಳುತ್ತಾರೆ. ಏರು ಬಂದಲ್ಲಿ ಮಕ್ಕಳು ಇಳಿದು ದೂಡಿದರು. ಇಂಧನದ ನಳಿಗೆ ಕಟ್ಟಿಕೊಂಡಾಗ ಆಕೆ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಇಳಿಜಾರಿನಲ್ಲಿ ಬ್ರೇಕಿನ ಮರ ಸವೆದಾಗ ದಾರಿಯ ಊರಿನ ಚಮ್ಮಾರನಿಂದ ಅದಕ್ಕೆ ಚರ್ಮ ಹೊಡೆಸಿದಳು. ತನ್ನ ಕೈಯಲ್ಲಾದದ್ದು ತಾನು, ಆಗದ್ದು ಚಮ್ಮಾರ. ಹಂಚಿಕೆ ಚೊಕ್ಕವಾಗಿತ್ತು.

ನಮ್ಮ ಕಡೆ ಸ್ವಂತ ರಿಪೇರಿಯ ಮಾತು ಬಂದರೆ ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರ ಹೆಸರು ಎಳೆದು ತರದೆ ಯಾರಿಗೂ ಸಮಾಧಾನವಿಲ್ಲ. ಮೂಡಿಗೆರೆಯ ತೋಟದಲ್ಲಿ ಕೂತು ಯಂತ್ರಗಳ ಹೊಟ್ಟೆ ಬಗೆದು ನೋಡುವ ಅವರ ಹುಚ್ಚು ಒಂದು ತಲೆಮಾರಿನ ಮಲೆನಾಡ ಹುಡುಗರಿಗೆ ಅಂಟಿದ್ದು ನಿಜ. ಆದರೆ ಸ್ಕೂಟರಿನ ಕ್ಲಚ್ಚನ್ನು ಜಗಲಿ ಮೇಲೆ ಕೂತು ಬದಲಿಸಬಹುದು, ಮಧ್ಯೆ ಕಾಫಿಯನ್ನೂ ಕುಡಿಯಬಹುದು. ಸ್ವಿಫ್ಟಿನದು ಹಾಗಲ್ಲ.

ದುಡ್ಡಿನ ಲೆಕ್ಕ

ಸಣ್ಣ ಪೆಟ್ರೋಲ್ ಕಾರಿನ ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗ್ ಸೇರಿದ ಸೆಟ್ಟು ಮೂರು–ನಾಲ್ಕು ಸಾವಿರದ ಆಸುಪಾಸು. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಜಿಎಸ್‌ಟಿ ಒಂದೇ ಸಮ ಶೇ 18 ಆಗಿದೆ. ಅದಕ್ಕೆ ಮುಂಚೆ ಅನೇಕ ಬಿಡಿಭಾಗಗಳಿಗೆ ಶೇ 28 ಇತ್ತು. ಸಕಲೇಶಪುರದ ಬಿ.ಎಂ. ರಸ್ತೆಯ ಗ್ಯಾರೇಜಿನಲ್ಲಿ ಲೇಬರ್ ಸೆಟ್ಟಿನ ಬೆಲೆಗಿಂತ ಕಡಿಮೆಯೇ ಆಗುತ್ತದೆ. ಕಂಪನಿ ಸರ್ವಿಸ್ ಸೆಂಟರಿನಲ್ಲಿ ಬೇರೆ ದರ. ಡೀಸೆಲ್ ಎಸ್‌ಯುವಿಗಳದ್ದು ಬೇರೆಯದೇ ಲೋಕ. ಅವುಗಳಲ್ಲಿ ಹಲವಕ್ಕೆ ಎರಡು ತುಂಡಿನ, ಒಳಗೆ ಸ್ಪ್ರಿಂಗ್ ಇರುವ ಡ್ಯುಯಲ್ ಮಾಸ್ ಫ್ಲೈವೀಲ್ ಇರುತ್ತದೆ. ಅದೂ ಹೋಗಿದ್ದರೆ ಬಿಲ್ಲು ಹಲವು ಪಟ್ಟು.

ಅಂದರೆ ಮನೆಯಲ್ಲಿ ಮಾಡಿದರೆ ಉಳಿಯುವುದು ಲೇಬರ್ ಮಾತ್ರ, ಎರಡು–ಮೂರು ಸಾವಿರ. ಅದಕ್ಕೆ ಎದುರಾಗಿ ಟ್ರಾಲಿ ಜಾಕ್, ಸ್ಟ್ಯಾಂಡ್, ಸಾಕೆಟ್ ಸೆಟ್, ಟಾರ್ಕ್ ರೆಂಚ್. ಇವನ್ನು ಹೊಸದಾಗಿ ಕೊಳ್ಳುವವನು ಮೊದಲ ಕ್ಲಚ್ಚಿನಲ್ಲಿ ನಷ್ಟದಲ್ಲೇ ಇರುತ್ತಾನೆ, ಎರಡನೆಯದರಲ್ಲೂ. ಕೈ ಪಳಗಿದ ಮೆಕ್ಯಾನಿಕ್, ಜೊತೆಗೊಬ್ಬ ಹುಡುಗ ಇದ್ದರೆ ಬೆಳಿಗ್ಗೆ ಕೊಟ್ಟ ಸಣ್ಣ ಕಾರು ಸಂಜೆಗೆ ಸಿದ್ಧ. ಮನೆಯಲ್ಲಿ ಮೊದಲ ಸಲ ಮಾಡುವವರಿಗೆ ಶನಿವಾರ–ಭಾನುವಾರ ಎರಡೂ ಬೇಕು, ಸೋಮವಾರ ಪೇಟೆಗೆ ಹೋಗಲು ಪಕ್ಕದ ತೋಟದವರ ಜೀಪು ಬೇಕು.

ಅಮೆರಿಕದಲ್ಲಿರುವ ಮಕ್ಕಳು ‘ಇಲ್ಲಿ ಎಲ್ಲ ನಾವೇ ಮಾಡ್ಕೋತೀವಿ, ನೀವ್ಯಾಕೆ ಗ್ಯಾರೇಜಿಗೆ ದುಡ್ಡು ಸುರೀತೀರಿ’ ಎಂದು ಫೋನಿನಲ್ಲಿ ಹೇಳುವುದುಂಟು. ಅಲ್ಲಿನ ಲೆಕ್ಕವೇ ಬೇರೆ. ಅಲ್ಲಿ ಗ್ಯಾರೇಜಿನ ಒಂದು ಗಂಟೆಯ ಕೂಲಿಯೇ ನೂರು ಡಾಲರ್ ದಾಟುತ್ತದೆ. ಐದಾರು ಗಂಟೆಯ ಕೆಲಸವೆಂದರೆ ಸಾಮಾನಿಗಿಂತ ಕೂಲಿಯೇ ಹೆಚ್ಚು. ಅಂಥ ದೇಶಗಳಲ್ಲೇ ಸ್ವಂತ ರಿಪೇರಿಯ ಪುಸ್ತಕಗಳು ಬೆಳೆದದ್ದು. ಇಂಗ್ಲೆಂಡಿನ ಹೇನ್ಸ್ ಕೈಪಿಡಿಗಳು 1960ರ ದಶಕದಲ್ಲಿ ಶುರುವಾದದ್ದೇ ಒಂದು ಕಾರನ್ನು ಪೂರ್ತಿ ಬಿಚ್ಚಿ, ಹಂತಹಂತವಾಗಿ ಫೋಟೊ ತೆಗೆದು ತೋರಿಸುವ ಹಟದಿಂದ. ನಮ್ಮಲ್ಲಿ ಸಾಮಾನು ತುಟ್ಟಿ, ಕೈ ಅಗ್ಗ. ಅಗ್ಗ ಎಂಬುದು ಹೆಮ್ಮೆಯ ಮಾತೇನಲ್ಲ. ಐಟಿಐಯಲ್ಲಿ ಎರಡು ವರ್ಷ ಮೋಟಾರು ಮೆಕ್ಯಾನಿಕ್ ಓದಿದ ಹುಡುಗ ಘಾಟಿ ಮೇಲಿನ ಗ್ಯಾರೇಜಿನಲ್ಲಿ ನಿಲ್ಲದೆ ಬೆಂಗಳೂರಿನ ಬಸ್ಸು ಹತ್ತುವುದಕ್ಕೂ ಅದೇ ಕಾರಣ. ಜೀಪಿನ ಗೇರ್‌ಬಾಕ್ಸನ್ನು ಕಣ್ಣು ಮುಚ್ಚಿ ಜೋಡಿಸುವವರು ಈಗ ಅರವತ್ತು ದಾಟಿದ್ದಾರೆ.

ಮೆಕ್ಯಾನಿಕ್ಕಿಗೆ ಕೊಡುವ ದುಡ್ಡು ಬೋಲ್ಟು ತಿರುಗಿಸಿದ್ದಕ್ಕೆ ಎಂದು ತಿಳಿದವರಿಗೆ ಅದು ಯಾವಾಗಲೂ ಜಾಸ್ತಿಯೇ. ಗೇರ್‌ಬಾಕ್ಸ್ ಇಳಿದಾಗ ಏನೇನು ನೋಡಬೇಕು ಎಂಬ ಅರಿವಿಗೆ ಸಲ್ಲುವ ದುಡ್ಡು ಅದು. ಒಳ್ಳೆಯವನು ಮೊದಲು ಮುಟ್ಟುವುದು ಪ್ಲೇಟನ್ನಲ್ಲ. ಬೆಲ್ ಹೌಸಿಂಗಿನ ತಳಕ್ಕೆ ಬೆರಳಾಡಿಸಿ ಎಣ್ಣೆ ಪಸೆ ಇದೆಯೇ ಎಂದು ನೋಡುತ್ತಾನೆ. ಇದ್ದರೆ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಹೋಗಿದೆ. ನೂರಾರು ರೂಪಾಯಿಯ ಆ ರಬ್ಬರ್ ಉಂಗುರ ಬದಲಿಸದೆ ಹೊಸ ಪ್ಲೇಟು ಹಾಕಿದರೆ ಅದೂ ಎಣ್ಣೆ ಕುಡಿದು ಜಾರುತ್ತದೆ. ಆಮೇಲೆ ರಿಲೀಸ್ ಬೇರಿಂಗನ್ನು ಕಿವಿ ಹತ್ತಿರ ಹಿಡಿದು ತಿರುಗಿಸುತ್ತಾನೆ. ಫ್ಲೈವೀಲನ್ನು ಬೆಳಕಿಗೆ ಓರೆ ಮಾಡಿ ನೋಡುತ್ತಾನೆ: ಕಾದು ನೀಲಿಯಾದ ಚುಕ್ಕೆಗಳು, ಕೂದಲೆಳೆಯ ಬಿರುಕು, ಉಗುರಿಗೆ ಸಿಗುವ ಗೀರು. ಫೇಸಿಂಗ್ ಬೇಕೆಂದರೆ ಲೇತಿಗೆ ಕಳಿಸುತ್ತಾನೆ. ಪ್ಲೇಟು ಒಂದನ್ನೇ ಬದಲಿಸಿ, ಹಳೆಯ ಬೇರಿಂಗನ್ನು ‘ಇನ್ನೂ ಚೆನ್ನಾಗೈತೆ’ ಎಂದು ಒರೆಸಿ ಹಾಕುವವನ ಬಳಿಗೆ ಎರಡನೇ ಸಲ ಹೋಗಬೇಡಿ. ಮುನ್ನೂರು–ನಾನೂರು ಉಳಿಸಲು ಹೋಗಿ ಮತ್ತೆ ಗೇರ್‌ಬಾಕ್ಸ್ ಇಳಿಸುವುದು ಯಾರಿಗೆ ಬೇಕು.

ಗ್ರಾಹಕನ ಪಾಲಿಗೂ ಒಂದಿಷ್ಟು ಕೆಲಸವಿದೆ. ಗೇರ್‌ಬಾಕ್ಸ್ ಇಳಿಯುವ ಹೊತ್ತಿಗೆ ಅಲ್ಲಿರಿ. ಹಳೆಯ ಪ್ಲೇಟನ್ನು ಕೈಗೆ ತೆಗೆದುಕೊಂಡು ರಿವೆಟ್ಟಿನ ತಲೆ ಎಷ್ಟು ಒಳಗಿದೆ ನೋಡಿ. ಒಂದೇ ಕಡೆ ಸವೆದಿದೆಯೋ, ಎಲ್ಲ ಕಡೆ ಸಮನಾಗಿಯೋ, ಲೈನಿಂಗ್ ಕಪ್ಪಗೆ ಗಾಜಿನಂತಾಗಿದೆಯೋ? ಸಮನಾಗಿ ಸವೆದಿದ್ದರೆ ಅದು ಆಯಸ್ಸು ಮುಗಿಸಿದ ಪ್ಲೇಟು. ಗಾಜಿನಂತಾಗಿದ್ದರೆ ಸುಟ್ಟದ್ದು ನೀವು, ಅಥವಾ ನಿಮ್ಮ ಡ್ರೈವರು. ತೋಟದ ರೈಟರು, ಮಗ, ಅಳಿಯ, ಹೀಗೆ ನಾಲ್ಕು ಜನ ಓಡಿಸುವ ಗಾಡಿಯಲ್ಲಿ ಯಾರೆಂದು ಕಂಡುಹಿಡಿಯಲು ಕಷ್ಟವಿಲ್ಲ. ಸುಮ್ಮನೆ ಪಕ್ಕದಲ್ಲಿ ಕೂತು ಒಂದು ಏರಿನಲ್ಲಿ ಎಡಗಾಲು ನೋಡಿದರೆ ಸಾಕು. ಗಾಡಿ ಸರಾಗ ಓಡುವಾಗಲೂ ಪೆಡಲ್ ಮೇಲೆಯೇ ಕಾಲಿಟ್ಟುಕೊಂಡಿರುವವನು, ಏರಿನಲ್ಲಿ ನಿಂತಾಗ ಹ್ಯಾಂಡ್‌ಬ್ರೇಕನ್ನು ಮರೆತವನು ಯಾರೋ ಅವನೇ.

ಈಗ ಹೊಸ ತೊಡಕೊಂದು ಸೇರಿದೆ. 2014ರಲ್ಲಿ ಸೆಲೆರಿಯೊ ಜೊತೆ ಬಂದ ಎಎಂಟಿ ಗೇರು ಅಗ್ಗದ ಕಾರುಗಳಿಗೆಲ್ಲ ಹಬ್ಬಿ, ಘಾಟಿ ಮೇಲಿನ ಊರುಗಳಿಗೂ ಬಂದಿದೆ. ಕ್ಲಚ್ ಪೆಡಲ್ ಇಲ್ಲ, ಹಾಗಾಗಿ ಕ್ಲಚ್ಚೇ ಇಲ್ಲ ಎಂದು ಕೊಂಡವರು ನಂಬಿದ್ದಾರೆ. ಇದೆ. ಅದೇ ಪ್ಲೇಟು, ಅದೇ ಪ್ರೆಶರ್ ಪ್ಲೇಟು. ಕಾಲಿನ ಬದಲು ಒಂದು ಮೋಟಾರು ಒತ್ತುತ್ತದೆ. ಏರಿನಲ್ಲಿ ಬ್ರೇಕ್ ಒತ್ತದೆ ಆಕ್ಸಿಲರೇಟರಿನಲ್ಲೇ ಗಾಡಿ ತಡೆದು ನಿಂತರೆ ಆ ಮೋಟಾರು ಪಾಪ ಹಾಫ್ ಕ್ಲಚ್ಚಿನಲ್ಲೇ ಹಿಡಿದಿರುತ್ತದೆ, ಅದೇ ವಾಸನೆ ಬರುತ್ತದೆ. ಇದರ ಪ್ಲೇಟು ಬದಲಿಸಿದ ಮೇಲೆ ಕಂಪ್ಯೂಟರ್ ಹಚ್ಚಿ, ಕ್ಲಚ್ ಎಲ್ಲಿ ಹಿಡಿಯುತ್ತದೆ ಎಂಬುದನ್ನು ಗಾಡಿಗೆ ಹೊಸದಾಗಿ ಕಲಿಸಬೇಕು. ಕಣದ ಮೇಲೆ ಆಗುವ ಕೆಲಸವಲ್ಲ. ಬಿ.ಎಂ. ರಸ್ತೆಯಲ್ಲೂ ಎಲ್ಲರ ಕೈಲಿ ಆಗುವುದಿಲ್ಲ, ಹಾಸನಕ್ಕೇ ಹೋಗಬೇಕಾದೀತು.

ನನ್ನನ್ನು ಕೇಳುವವರಿಗೆ ನಾನು ಹೇಳುವುದಿಷ್ಟು. ಕೇಬಲ್, ಪ್ಲೇ, ಫ್ಲೂಯಿಡ್ ಮನೆಯ ಕೆಲಸ, ಅದನ್ನು ತಿಂಗಳಿಗೊಮ್ಮೆ ನೋಡಿ. ಹಳೆಯ ಜೀಪಾದರೆ, ಚೈನ್ ಪುಲ್ಲಿ ಇದ್ದು, ಮೊದಲು ಒಮ್ಮೆಯಾದರೂ ಬಿಚ್ಚಿ ಜೋಡಿಸಿದವರು ಒಬ್ಬರು ಜೊತೆಗಿದ್ದರೆ, ಮೆಣಸು ಮೂಟೆ ಕಟ್ಟಿದ ಮೇಲೆ ಕಣಕ್ಕೆ ಟಾರ್ಪಾಲು ಹಾಸಿ ಧೈರ್ಯವಾಗಿ ಬಿಚ್ಚಿ. ಮುಂದಿನ ಗಾಲಿ ಎಳೆಯುವ ಕಾರಾದರೆ ಸಕಲೇಶಪುರಕ್ಕೆ ಒಯ್ಯಿರಿ, ಅದೂ ಮೇ ಮುಗಿಯುವುದರೊಳಗೆ. ಜೂನ್ ಮೂರನೇ ವಾರಕ್ಕೆ ಘಾಟಿಯಲ್ಲಿ ಮಣ್ಣು ಕುಸಿದು ಟ್ರಾಫಿಕ್ ಕಟ್ಟಿತೆಂದರೆ ಅಲ್ಲಿ ಸುಟ್ಟ ಪ್ಲೇಟುಗಳೆಲ್ಲ ಟೋಯಿಂಗ್ ಗಾಡಿಯ ಬೆನ್ನೇರಿ ಅದೇ ಗ್ಯಾರೇಜುಗಳ ಮುಂದೆ ಸಾಲು ನಿಲ್ಲುತ್ತವೆ. ಆಗ ನಿಮ್ಮ ಪಾಳಿ ಬರುವುದು ಆ ಸಾಲೆಲ್ಲ ಕರಗಿದ ಮೇಲೆ.